ಖುಕುರಿ ಕೊಳ್ಳುವ ಮೊದಲು ಮಾಡಿದವನ ಹೆಸರು ಕೇಳಿ

ನನ್ನ ಹತ್ತಿರ ಈಗ ನಾಲ್ಕು ಖುಕುರಿ ಇವೆ. ಖುಕುರಿ ಅಂದರೆ ನೇಪಾಳದ ಬಾಗಿದ ಕತ್ತಿ. ನಾಲ್ಕೂ ನೇಪಾಳದ ಕುಲುಮೆಯಲ್ಲಿ ಕೈಯಿಂದ ಬಡಿದು ಮಾಡಿದವು. ಹೋದ ವಾರ ಒಂದರ ಫೋಟೋ ಹಾಕಿದ ಮೇಲೆ "ಯಾರ ಹತ್ರ ತಗೊಂಡ್ರೆ ಒಳ್ಳೇದು?" ಅಂತ ಸುಮಾರು ಜನ ಕೇಳಿದರು. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತೇನೆ.

ನಾನು ಅಡಿಕೆ ತೋಟದವನು. ನಮಗೆ ಕತ್ತಿ ಅಂದರೆ ಗೋಡೆಗೆ ತೂಗು ಹಾಕುವ ವಸ್ತು ಅಲ್ಲ. ನನ್ನ ಮೊದಲ ಖುಕುರಿಯನ್ನು ಕಠ್ಮಂಡುವಿನ ಥಮೇಲ್ ಪೇಟೆಯ ಒಂದು ಅಂಗಡಿಯಲ್ಲಿ ಕೊಂಡೆ. ಕನ್ನಡಿಯ ಹಾಗೆ ಹೊಳಪು, ಎಮ್ಮೆ ಕೊಂಬಿನ ಹಿಡಿ, ಕರಿ ಚರ್ಮದ ಒರೆ. ಊರಿಗೆ ತಂದು ಒಣ ಬಿದಿರಿಗೆ ನಾಲ್ಕು ಏಟು ಹಾಕಿದೆ. ಬಾಯಿ ಮಡಚಿಕೊಂಡಿತು. ವಾರದೊಳಗೆ ಹಿಡಿಯೂ ಅಲುಗಾಡತೊಡಗಿತು. ತುಂಬಾ ಬೇಜಾರಾಯಿತು.

ಪಕ್ಕದ ತೋಟದಲ್ಲಿ ಪೂರ್ವ ನೇಪಾಳದ ಭೋಜಪುರದವರೊಬ್ಬರು ಕೆಲಸಕ್ಕಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ದಾಜು ಅಂತಲೇ ಕರೆಯುತ್ತೇನೆ. ಅವರ ಭಾಷೆಯಲ್ಲಿ ಅಣ್ಣ ಅಂತ. ಭೋಜಪುರ ಖುಕುರಿಗೇ ಹೆಸರಾದ ಊರು. ಅವರು ನನ್ನ ಖುಕುರಿ ಕೈಗೆ ತಗೊಂಡು ಹೊಳಪಿನ ಕಡೆ ನೋಡಲೇ ಇಲ್ಲ. ಒಂದು ಅರ ಕೇಳಿದರು. ಬಾಯಿಗೆ ಮೆಲ್ಲಗೆ ಉಜ್ಜಿದರು. "ನೋಡು ಭಾಯಿ, ಅರ ಕಚ್ತಾ ಇದೆ. ಹದ ಬಂದಿದ್ರೆ ಜಾರಬೇಕು" ಅಂದರು. ಅಷ್ಟರಲ್ಲೇ ನನಗೆ ಅರ್ಧ ಪಾಠ ಆಯಿತು.

ಖುಕುರಿಯ ಜೀವ ಇರುವುದು ಈ ಹದದಲ್ಲಿ. ಲಾರಿ, ಜೀಪಿನ ಹಳೇ ಸ್ಪ್ರಿಂಗ್ ಪ್ಲೇಟನ್ನು ಕತ್ತರಿಸಿ, ಕಾಯಿಸಿ, ಬಡಿದು ಆಕಾರಕ್ಕೆ ತರುತ್ತಾರೆ. ಇಲ್ಲಿಯವರೆಗೆ ನಮ್ಮೂರ ಕುಲುಮೆಯ ಹಾಗೇ. ಆಮೇಲೆ ನೋಡಬೇಕು. ಕೆಂಪಗೆ ಕಾದ ಅಲಗನ್ನು ಹಿಡಿದುಕೊಂಡು, ಕೆಟಲ್‌ನಿಂದ ಬಾಯಿಯ ಉದ್ದಕ್ಕೂ ಸಣ್ಣ ಧಾರೆಯಾಗಿ ನೀರು ಹೊಯ್ಯುತ್ತಾರೆ. ಇಡೀ ಅಲಗನ್ನು ನೀರಿಗೆ ಅದ್ದುವುದಿಲ್ಲ. ನೀರು ತಾಗಿದ ಬಾಯಿ ಗಡುಸಾಗುತ್ತದೆ, ಬೆನ್ನು ಮೆತ್ತಗೇ ಉಳಿಯುತ್ತದೆ. ಅದಕ್ಕೇ ಏಟು ಹೊಡೆದಾಗ ಅಲಗು ತುಂಡಾಗುವುದಿಲ್ಲ, ಬಾಯಿಯೂ ಮಡಚುವುದಿಲ್ಲ. ಅಲಗಿನ ಬಣ್ಣ ನೋಡಿಕೊಂಡೇ ಎಲ್ಲಿ, ಎಷ್ಟು ನೀರು ಅಂತ ಲೆಕ್ಕ. ಆ ಲೆಕ್ಕ ಇರುವುದು ಒಬ್ಬ ಮನುಷ್ಯನ ಕಣ್ಣಲ್ಲಿ, ಕೈಯಲ್ಲಿ. ಕಂಪನಿಯ ಬೋರ್ಡಿನಲ್ಲಿ ಅಲ್ಲ.

ನನ್ನ ಎರಡನೆಯದು ಹಿಮಾಲಯನ್ ಇಂಪೋರ್ಟ್ಸ್‌ನದು. ಬಿಲ್ ಮಾರ್ಟಿನೊ ಎಂಬ ಅಮೆರಿಕನ್ ಶುರು ಮಾಡಿದ ವ್ಯಾಪಾರ. ಖುಕುರಿ ತಯಾರಾಗುವುದು ನೇಪಾಳದಲ್ಲೇ. ಅಮೆರಿಕದಲ್ಲಿರುವ ನನ್ನ ತಮ್ಮ ಚೆಕ್-ಇನ್ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ಇದು ಆಂಗ್ ಖೋಲಾ ಮಾದರಿ, ಅಂದರೆ ಭಾರ ಇಳಿಯಲಿ ಅಂತ ಬೆನ್ನಿನ ಕೆಳಗೆ ಅಲಗನ್ನು ತಗ್ಗು ಮಾಡಿರುತ್ತಾರೆ. ಆದರೂ ಭಾರ ಜಾಸ್ತಿ. ಬೆನ್ನು ಅರ್ಧ ಇಂಚಿನ ಹತ್ತಿರ ದಪ್ಪ. ಕಟ್ಟಿಗೆ ಸೀಳಲು ಕೊಡಲಿಯ ಬದಲು ಇದನ್ನೇ ತಗೊಂಡು ಹೋಗುತ್ತೇನೆ. ಆದರೆ ಕಳೆ ಸವರಲು ಹತ್ತು ನಿಮಿಷ ಬೀಸಿದರೆ ಮುಂಗೈ ನೋಯುತ್ತದೆ. ಇವರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ: ಮಾಡಿದವನ ಗುರುತು ಅಲಗಿನ ಮೇಲೆ ಒತ್ತಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಗುರುತು. ಇಷ್ಟಪಟ್ಟು ಕೊಳ್ಳುವವರು ಆ ಗುರುತು ನೋಡಿ, ಅದೇ ಕೈಯದ್ದು ಬೇಕು ಅಂತ ಕಾಯುತ್ತಾರೆ.

ಮೂರನೆಯದು ಖುಕುರಿ ಮಾಡಿಸಿ ಮಾರುವ ಇನ್ನೊಂದು ಕಂಪನಿ ಕೈಲಾಶ್ ಬ್ಲೇಡ್ಸ್‌ನ ಸಿರುಪಾತೆ. ಸಿರು ಎಂಬ ಹುಲ್ಲಿನ ಎಸಳಿನ ಹಾಗೆ ಸಪೂರ ಅಂತ ಆ ಹೆಸರು. ಕೈಗೆ ತಗೊಂಡ ಕೂಡಲೇ ವ್ಯತ್ಯಾಸ ಗೊತ್ತಾಯಿತು. ಹಿಡಿಯ ಹತ್ತಿರ ದಪ್ಪ, ತುದಿಗೆ ಹೋಗ್ತಾ ಹೋಗ್ತಾ ತೆಳು. ಹಳೇ ಕಾಲದ ಖುಕುರಿಗಳು ಹೀಗೇ ಇದ್ದವು. 2003ರಲ್ಲಿ ಕಠ್ಮಂಡುವಿನ ಹಳೇ ಶಸ್ತ್ರಾಗಾರದ ರಾಶಿಯನ್ನು ವಿದೇಶಿ ವ್ಯಾಪಾರಿಗಳು ಕೊಂಡ ಮೇಲೆ, ಅಂಥ ನೂರು ವರ್ಷ ಹಿಂದಿನ ಅಲಗುಗಳು ಜಗತ್ತಿನ ಕೈಗೆ ಸಿಕ್ಕವು. ನಾನು ಒಬ್ಬ ಗೆಳೆಯರ ಮನೆಯಲ್ಲಿ ಒಂದನ್ನು ಹಿಡಿದು ನೋಡಿದ್ದೇನೆ. ಅಷ್ಟು ಉದ್ದ ಇದ್ದರೂ ಕೈಗೆ ಎಷ್ಟು ಹಗುರ! ಪ್ರವಾಸಿಗಳಿಗಾಗಿ ಮಾಡಿದ ಎಷ್ಟೋ ಖುಕುರಿಗಳು ಬುಡದಿಂದ ತುದಿವರೆಗೆ ಒಂದೇ ದಪ್ಪ. ಭಾರ ಇದ್ದರೆ ಗಟ್ಟಿ ಅಂತ ಜನ ನಂಬುತ್ತಾರೆ. ನನಗಂತೂ ಅದು ಪೂರ್ತಿ ತಪ್ಪು ಅನಿಸಿದೆ. ದಿನವಿಡೀ ಬೀಸಲು ಯಾವುದು ಬೇಕು ಅಂದರೆ ನನ್ನ ಕೈ ಈ ಸಿರುಪಾತೆಯ ಕಡೆಗೇ ಹೋಗುತ್ತದೆ.

ನೇಪಾಳದ ಕಂಪನಿ ಖುಕುರಿ ಹೌಸ್‌ನದು ನನ್ನಲ್ಲಿ ಇಲ್ಲ, ಪರಿಚಯದವರದ್ದು ಬಳಸಿದ್ದೇನೆ. ಸೈನ್ಯದ ಮಾದರಿ, ಅಚ್ಚುಕಟ್ಟು ಕೆಲಸ. ಒಂದು ಮಾತು: ಗೂರ್ಖಾ ಪಡೆಗೆ ಕೊಡುವವರು ನಾವೇ ಅಂತ ಹೇಳುವ ಅಂಗಡಿಗಳು ನೇಪಾಳದಲ್ಲಿ ಒಂದಕ್ಕಿಂತ ಜಾಸ್ತಿ ಇವೆ. ಆ ಮಾತು ಕೇಳಿ ಕೊಳ್ಳಬೇಡಿ, ಅರ ಉಜ್ಜಿ ನೋಡಿ ಕೊಳ್ಳಿ. ಒರೆಯಿಂದ ಎಳೆದ ಖುಕುರಿ ರಕ್ತ ನೋಡದೆ ಮತ್ತೆ ಒಳಗೆ ಹೋಗಲ್ಲ ಅಂತ ಜನ ಹೇಳುವುದು ಸುಮ್ನೆ ಕಟ್ಟಿದ ಕಥೆ. ದಾಜು ಮನೆಯಲ್ಲಿ ಅದರಲ್ಲೇ ಸೌದೆಯನ್ನೂ ಸೀಳುತ್ತಾರೆ, ಕುಂಬಳಕಾಯಿಯನ್ನೂ ಹೆಚ್ಚುತ್ತಾರೆ.

ನಾಲ್ಕನೆಯದಕ್ಕೆ ಕಂಪನಿಯೇ ಇಲ್ಲ. ದಾಜು ದಸಾಯ್ ಹಬ್ಬಕ್ಕೆ, ಅಂದರೆ ಅವರ ದಸರಾಕ್ಕೆ, ಊರಿಗೆ ಹೋದಾಗ ಅವರ ಹಳ್ಳಿಯ ಕುಲುಮೆಯಲ್ಲಿ ಮಾಡಿಸಿ ತಂದದ್ದು. ಹೊಳಪಿಲ್ಲ. ಸುತ್ತಿಗೆಯ ಗುರುತು ಹಾಗೇ ಇದೆ. ಹಿಡಿಯನ್ನು ಅರಗಿನಂಥ ಅಂಟಿನಿಂದ ಕೂರಿಸಿದ್ದಾರೆ, ಅದಕ್ಕೆ ಲಾಹಾ ಅಂತಾರೆ. ಐದು ಮಳೆಗಾಲ ಕಳೆದರೂ ಹಿಡಿ ಅಲುಗಾಡಿಲ್ಲ. ನಾಲ್ಕರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ.

ಆದರೆ ಇದರ ಮೇಲೂ ಮಾಡಿದವರ ಹೆಸರಿಲ್ಲ. ಅಲ್ಲಿ ಕಮ್ಮಾರಿಕೆ ಮಾಡುವ ಸಮುದಾಯವನ್ನು ಕಾಮೀ ಅಂತಾರೆ, ಈಗ ಬಹಳ ಜನ ವಿಶ್ವಕರ್ಮ ಅಂತ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ವಿಶ್ವಕರ್ಮರು ಜನಿವಾರ ಹಾಕುವವರು, ಅಲ್ವಾ? ಅಲ್ಲಿ ಅದೇ ಹೆಸರಿನವರನ್ನು ತಲೆತಲಾಂತರದಿಂದ ಮುಟ್ಟಬಾರದವರು ಅಂತ ಇಟ್ಟರು. ನೇಪಾಳದ 1963ರ ಕಾನೂನು ಜಾತಿಭೇದಕ್ಕೆ ಇದ್ದ ಮನ್ನಣೆಯನ್ನು ತೆಗೆಯಿತು, 2011ರಲ್ಲಿ ಅದನ್ನು ಅಪರಾಧ ಮಾಡುವ ಇನ್ನೊಂದು ಕಾನೂನು ಬಂತು. ಆದರೂ ದಾಜು ಹೇಳಿದ ಮಾತು ನನಗೆ ಮರೆಯಲು ಆಗಿಲ್ಲ. ಚಿಕ್ಕಂದಿನಲ್ಲಿ ಅವರ ಮನೆಯ ಖುಕುರಿ ಮಾಡಿಕೊಟ್ಟವರು ಜಗಲಿ ದಾಟಿ ಒಳಗೆ ಬರುವಂತಿರಲಿಲ್ಲವಂತೆ. ಅವರು ಮಾಡಿದ ಖುಕುರಿ ಮಾತ್ರ ದಸಾಯ್‌ಗೆ ಪೂಜೆಯ ಜಾಗದಲ್ಲಿ ಇರುತ್ತಿತ್ತು.

ಹಾಗಾಗಿ ನೀವು ಯಾರ ಹತ್ತಿರ ಕೊಂಡರೂ ಮೊದಲು ಬಡಿದವರು ಯಾರು ಅಂತ ಕೇಳಿ. ಹೇಳುವವರ ಹತ್ತಿರ ಕೊಳ್ಳಿ. ಈ ಸಲ ದಾಜು ಊರಿಗೆ ಹೊರಟಾಗ ನಾನು ಮತ್ತೊಂದಕ್ಕೆ ದುಡ್ಡು ಕೊಟ್ಟಿದ್ದೇನೆ. ಅಲಗಿನ ಮೇಲೆ ಬೆನ್ನಿನ ಹತ್ತಿರ, ಮಾಡಿದವರ ಪೂರ್ತಿ ಹೆಸರು ಕೆತ್ತಿಸಿಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೇನೆ.