ಟಾರ್ಕ್ ಯಾವಾಗ ಬರುತ್ತದೆ ಎಂಬುದನ್ನೂ ಬರೆಯಿರಿ

ಬುಗಾಟಿ ಶಿರಾನ್ ಕಾರಿನ 1500 ಅಶ್ವಶಕ್ತಿಯನ್ನು ನಿಮ್ಮ ಲೇಖನದಲ್ಲಿ ಬಾಯ್ತುಂಬ ಹೊಗಳಿದ್ದೀರಿ. ನನಗೆ ಅದಕ್ಕಿಂತ ದೊಡ್ಡ ಕೆಲಸ ಅನ್ನಿಸುವುದು, 1600 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 2000ದಿಂದ 6000 ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಒಂದೇ ಸಮನೆ ಸಿಗುವುದು. ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಅದರ ನಾಲ್ಕು ಟರ್ಬೊಗಳಲ್ಲಿ ಮೊದಲು ಎರಡಕ್ಕೆ ಮಾತ್ರ ಎಂಜಿನ್ನಿನ ಬಿಸಿ ಹೊಗೆ ಹೋಗುತ್ತದೆ, ಹಾಗಾಗಿ ಅವು ಬೇಗ ವೇಗ ಹಿಡಿಯುತ್ತವೆ. 3800 ಆರ್‌ಪಿಎಂ ಸುಮಾರಿಗೆ ಉಳಿದೆರಡೂ ಸೇರಿಕೊಳ್ಳುತ್ತವೆ. ಹುಮನಾಬಾದ್ ಕಡೆ ಡೀಸೆಲ್ ಗಾಡಿಗಳ ಟರ್ಬೊ ಬಿಚ್ಚಿ ಕೂಡಿಸುವವನು ನಾನು. ಸಣ್ಣ ಟರ್ಬೊದ ಚಕ್ರ ಬೆರಳು ತಾಗಿಸಿದರೆ ಸಾಕು, ಸರ್ರನೆ ತಿರುಗುತ್ತದೆ. ಲಾರಿಯದಕ್ಕೆ ಜೋರಾಗಿಯೇ ತಳ್ಳಬೇಕು. ಭಾರದ ಚಕ್ರ ವೇಗ ಹಿಡಿಯುವವರೆಗೆ ಗಾಡಿ ಎಳೆಯುವುದು ತಡವಾಗುತ್ತದೆ, ಟರ್ಬೊ ಲ್ಯಾಗ್ ಅಂದರೆ ಇಷ್ಟೇ.

ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಬಗ್ಗೆ ಒಂದು ಸಾಲೂ ಇಲ್ಲದ್ದು ಬೇಸರವಾಯಿತು. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಘಾಟಿ ಏರಿದವರಿಗೆ ಗಾಡಿ ಎಷ್ಟು ಸೊರಗುತ್ತದೆ ಗೊತ್ತು.

ಇನ್ನೊಂದು ಮಾತು. ಕೊನಿಗ್‌ಸೆಗ್ ಜೆಸ್ಕೊ ಕಾರು ಪೆಟ್ರೋಲಿನಲ್ಲಿ 1280, ಕಬ್ಬಿನಿಂದಲೂ ತೆಗೆಯುವ ಎಥೆನಾಲ್ ಹೆಚ್ಚಿರುವ ಇ85 ಇಂಧನದಲ್ಲಿ 1600 ಅಶ್ವಶಕ್ತಿ ಕೊಡುತ್ತದೆ. ಎಥೆನಾಲ್ ಆವಿಯಾಗುವಾಗ ಶಾಖ ಹೀರುತ್ತದೆ, ನಾಕಿಂಗ್ (ಎಂಜಿನ್ನಿನೊಳಗೆ ಇಂಧನ ತಾನಾಗಿ ಸಿಡಿಯುವುದು) ತಡೆಯುತ್ತದೆ, ಆದ್ದರಿಂದ ಬೂಸ್ಟ್, ಅಂದರೆ ಟರ್ಬೊ ಗಾಳಿಯ ಒತ್ತಡ, ಏರಿಸಬಹುದು. ಕಬ್ಬು ಬೆಳೆಯುವ ಬೀದರ್ ಜಿಲ್ಲೆಯ ಓದುಗರಿಗಾದರೂ ಇದನ್ನು ವಿವರವಾಗಿ ಬರೆಯಿರಿ.