ಎಲ್ಲರಿಗೂ ಮಾಡುವ ಪರೀಕ್ಷೆ

ಇಂಗ್ಲೆಂಡಿನಲ್ಲಿ ನಾನು ನೆಲೆಸಿರುವ ಊರಿನಲ್ಲಿ ಲೈಂಗಿಕ ಸೋಂಕಿನ ಪರೀಕ್ಷೆ ಮಾಡಿಸಿಕೊಳ್ಳುವುದಕ್ಕೆ ಮನೆಯಿಂದ ಹೊರಗೆ ಕಾಲಿಡಬೇಕಾಗಿಲ್ಲ. ಸ್ಥಳೀಯ ಆಡಳಿತ ನಡೆಸುವ ಆರೋಗ್ಯ ಸೇವೆಯ ಜಾಲತಾಣದಲ್ಲಿ ಕೇಳಿಕೊಂಡರೆ ಹೊರಮೈಯಲ್ಲಿ ಯಾವ ಗುರುತೂ ಇಲ್ಲದ ಪೊಟ್ಟಣವೊಂದು ಅಂಚೆಯಲ್ಲಿ ಬರುತ್ತದೆ. ಬೆರಳು ಚುಚ್ಚಿ ತೆಗೆದ ರಕ್ತದ ಹನಿಗಳನ್ನು ಪುಟ್ಟ ಕೊಳವೆಗೆ ತುಂಬಿ, ಮೂತ್ರವನ್ನೋ ಹತ್ತಿಯ ಕಡ್ಡಿಯಿಂದ ತೆಗೆದ ಮಾದರಿಯನ್ನೋ ಜೊತೆಗಿಟ್ಟು ಮರಳಿ ಅಂಚೆಗೆ ಹಾಕಿದರೆ, ಎಚ್‌ಐವಿ, ಸಿಫಿಲಿಸ್, ಗೊನೊರಿಯಾ, ಕ್ಲಮೀಡಿಯಾಗಳ ಫಲಿತಾಂಶ ಕೆಲವು ದಿನಗಳಲ್ಲಿ ಮೊಬೈಲಿಗೆ ತಲುಪುತ್ತದೆ. ಸೋಂಕು ಕಂಡುಬಂದರೆ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ. ಕರ್ನಾಟಕದಲ್ಲಿ ಬೆಳೆದ ನನ್ನನ್ನು ಇಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿಯೆಂದರೆ, ಪರೀಕ್ಷೆ ಕೇಳಿದವರ ನಡತೆಯ ಬಗ್ಗೆ ಈ ವ್ಯವಸ್ಥೆ ಯಾವ ತೀರ್ಮಾನಕ್ಕೂ ಹೋಗುವುದಿಲ್ಲ ಎಂಬುದು. ಇಪ್ಪತ್ತೈದರೊಳಗಿನ ಯುವತಿಯರಿಗೆ ವರ್ಷಕ್ಕೊಮ್ಮೆ, ಹಾಗೆಯೇ ಸಂಗಾತಿ ಬದಲಾದಾಗಲೆಲ್ಲ, ಕ್ಲಮೀಡಿಯಾ ಪರೀಕ್ಷೆ ಮಾಡಿಸಿಕೊಳ್ಳಿರೆಂದು ಸರ್ಕಾರವೇ ಹೇಳುತ್ತದೆ. ಎಲ್ಲರಿಗೂ ಹೇಳುವುದರಿಂದ ಅದರಲ್ಲಿ ಯಾರೊಬ್ಬರ ಮೇಲಿನ ಅನುಮಾನವೂ ಇರುವುದಿಲ್ಲ.

ಇದು ಏಕೆ ಮುಖ್ಯ ಎಂಬುದು ಈ ಸೋಂಕುಗಳ ಸ್ವಭಾವವನ್ನು ತಿಳಿದರೆ ಸ್ಪಷ್ಟವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಗುಣಪಡಿಸಬಹುದಾದ ನಾಲ್ಕು ಸೋಂಕುಗಳಾದ ಕ್ಲಮೀಡಿಯಾ, ಗೊನೊರಿಯಾ, ಸಿಫಿಲಿಸ್ ಮತ್ತು ಟ್ರೈಕೊಮೊನಿಯಾಸಿಸ್ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಹೊಸದಾಗಿ 37 ಕೋಟಿಗೂ ಹೆಚ್ಚು ಬಾರಿ ತಗುಲಿವೆ. ಇವುಗಳಲ್ಲಿ ಬಹುಪಾಲು ಯಾವ ಲಕ್ಷಣವನ್ನೂ ತೋರುವುದಿಲ್ಲ. ಕ್ಲಮೀಡಿಯಾ ತಗುಲಿದ ಹೆಚ್ಚಿನ ಹೆಂಗಸರಿಗೆ ನೋವಿಲ್ಲ, ಉರಿಯಿಲ್ಲ, ಸ್ರಾವದಲ್ಲಿ ಎದ್ದು ಕಾಣುವ ಬದಲಾವಣೆಯೂ ಇಲ್ಲ. ಆದರೂ ಅದು ಒಳಗೊಳಗೇ ಮೇಲೇರಿ ಗರ್ಭನಾಳಗಳಲ್ಲಿ ಗಾಯ ಮಾಡಿ ಅವನ್ನು ಮುಚ್ಚಿಸಬಲ್ಲದು. ಸಿಫಿಲಿಸ್‌ನ ಮೊದಲ ಹುಣ್ಣು ನೋಯುವುದಿಲ್ಲ, ಔಷಧಿಯಿಲ್ಲದೆಯೇ ಕೆಲವು ವಾರಗಳಲ್ಲಿ ಮಾಯುತ್ತದೆ. ವಾಸಿಯಾಯಿತೆಂದು ನಂಬಿದ ಮನುಷ್ಯನ ರಕ್ತದಲ್ಲಿ ಅದು ಉಳಿದುಕೊಂಡು, ಹತ್ತಾರು ವರ್ಷಗಳ ನಂತರ ಹೃದಯವನ್ನೋ ಮೆದುಳನ್ನೋ ಹಿಡಿಯಬಹುದು. ಕಾಂಡೋಮ್ ಎಚ್‌ಐವಿ, ಗೊನೊರಿಯಾ, ಕ್ಲಮೀಡಿಯಾಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಚರ್ಮದಿಂದ ಚರ್ಮಕ್ಕೆ ದಾಟುವ ಹರ್ಪಿಸ್, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ ಮತ್ತು ಸಿಫಿಲಿಸ್ ಅದು ಮುಚ್ಚದ ಜಾಗದಿಂದಲೂ ಹರಡುವುದರಿಂದ ಅದನ್ನೊಂದೇ ನಂಬಿ ಕೂರುವಂತಿಲ್ಲ. ಲಕ್ಷಣ ಬರಲಿ ಎಂದು ಕಾಯುವುದು ಈ ರೋಗಗಳ ವಿಷಯದಲ್ಲಿ ಸೋಂಕಿಗೆ ಸಮಯ ಕೊಟ್ಟಂತೆ.

ನಮ್ಮ ನಾಡಿನಲ್ಲಿ ವ್ಯವಸ್ಥೆಯೇ ಇಲ್ಲವೆಂದು ಹೇಳಿದರೆ ಅದು ಅನ್ಯಾಯವಾಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸೋಂಕುಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ಗಳಿವೆ, ಆಪ್ತಸಮಾಲೋಚಕರಿದ್ದಾರೆ, ಮಾತ್ರೆಗಳು ಉಚಿತ, 1097 ಸಂಖ್ಯೆಗೆ ಕರೆ ಮಾಡಿದರೆ ಸಲಹೆ ಸಿಗುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿದ ಬಣ್ಣದ ಔಷಧಿ ಕಿಟ್‌ಗಳ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಗಂಡಸಿಗೆ ಕೀವಿನ ಸ್ರಾವವಿದ್ದರೆ ಬೂದು ಬಣ್ಣದ ಕಿಟ್, ಹೆಂಗಸಿನ ಯೋನಿಸ್ರಾವಕ್ಕೆ ಹಸಿರು, ಹರ್ಪಿಸ್ ಗುಳ್ಳೆಗಳಿಗೆ ಕೆಂಪು, ಕಿಬ್ಬೊಟ್ಟೆಯ ನೋವಿಗೆ ಹಳದಿ: ಪ್ರಯೋಗಾಲಯದ ಸೌಲಭ್ಯವಿಲ್ಲದ ಕಡೆಯೂ ವೈದ್ಯರು ರೋಗಿ ಬಂದ ದಿನವೇ ಚಿಕಿತ್ಸೆ ಕೊಟ್ಟು ಕಳಿಸಬಹುದಾದ ಜಾಣ ಏರ್ಪಾಡು ಅದು. ಆದರೆ ಇಡೀ ಏರ್ಪಾಡು ನಿಂತಿರುವುದು ಲಕ್ಷಣದ ಮೇಲೆ. ಲಕ್ಷಣವೇ ಇಲ್ಲದವಳಿಗೆ ಕೊಡಲು ಯಾವ ಬಣ್ಣದ ಕಿಟ್ಟೂ ಇಲ್ಲ. ಬಿಳಿಮುಟ್ಟು ಎಂದು ಹೇಳಿಕೊಳ್ಳಲೂ ಸಂಕೋಚಪಟ್ಟು ವರ್ಷಗಟ್ಟಲೆ ಸಹಿಸುವ ಹೆಂಗಸರಿರುವಾಗ, ಏನೂ ಅನ್ನಿಸದಿರುವವಳು ಜಿಲ್ಲಾ ಆಸ್ಪತ್ರೆಯ ಆ ಕೋಣೆಯ ಬಾಗಿಲಿಗೆ ಏಕೆ ಬಂದಾಳು?

ಇನ್ನು ಗಂಡಸರ ದಾರಿ ಬೇರೆ. ಉರಿಮೂತ್ರವೋ ಹುಣ್ಣೋ ಕಾಣಿಸಿಕೊಂಡರೆ ಪಕ್ಕದ ಊರಿನ ಮೆಡಿಕಲ್ ಸ್ಟೋರಿನಲ್ಲಿ ಮೆಲ್ಲಗೆ ಕೇಳಿ ಮಾತ್ರೆ ತೆಗೆದುಕೊಳ್ಳುವುದು, ಅಥವಾ ಬಸ್ ನಿಲ್ದಾಣದ ಶೌಚಾಲಯದ ಗೋಡೆಯ ಮೇಲೆ ‘ಗುಪ್ತರೋಗಗಳಿಗೆ ಶಾಶ್ವತ ಪರಿಹಾರ’ ಎಂದು ಬರೆಸಿಕೊಂಡು ತಿಂಗಳಿಗೊಮ್ಮೆ ಲಾಡ್ಜಿನಲ್ಲಿ ಕೂರುವವರ ಬಳಿಗೆ ಹೋಗುವುದು. ಗಂಡ ಅರ್ಧ ವಾಸಿಯಾಗುತ್ತಾನೆ. ಹೆಂಡತಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಅವಳಿಂದ ಅವನಿಗೆ ಸೋಂಕು ಮತ್ತೆ ಬರುತ್ತದೆ. ಮಕ್ಕಳಾಗಲಿಲ್ಲವೆಂದು ಮಾತು ಕೇಳಬೇಕಾದವಳು ಮಾತ್ರ ಅವಳೊಬ್ಬಳೇ. ಗರ್ಭನಾಳ ಮುಚ್ಚಿಹೋಗುವುದಕ್ಕೆ ಕ್ಷಯವೂ ಸೇರಿ ಬೇರೆ ಕಾರಣಗಳಿವೆ ಎಂಬುದು ನಿಜ; ಆದರೆ ಸಕಾಲದಲ್ಲಿ ಮಾಡಿದ ಒಂದು ಪರೀಕ್ಷೆಯಿಂದ ತಪ್ಪಿಸಬಹುದಾಗಿದ್ದ ಕಾರಣವೊಂದು ಈ ಮೌನದಲ್ಲಿ ಉಳಿದುಬಿಡುತ್ತದೆ ಎಂಬ ಸಂಕಟ ನನ್ನದು. ಇಂಗ್ಲೆಂಡಿನ ಕ್ಲಿನಿಕ್‌ಗಳಲ್ಲಿ ಸಂಗಾತಿಗೆ ತಿಳಿಸುವ ಕೆಲಸಕ್ಕೆಂದೇ ಆರೋಗ್ಯ ಸಲಹೆಗಾರರಿರುತ್ತಾರೆ. ರೋಗಿ ತಾನೇ ಹೇಳಬಹುದು, ಇಲ್ಲವೇ ಆತನ ಹೆಸರನ್ನು ಎತ್ತದೆ ‘ನೀವು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು’ ಎಂದಷ್ಟೇ ಕ್ಲಿನಿಕ್ಕಿನವರೇ ಸಂದೇಶ ಕಳಿಸುತ್ತಾರೆ. ಸುರಕ್ಷಾ ಕ್ಲಿನಿಕ್‌ನ ನಿಯಮಗಳಲ್ಲಿಯೂ ಸಂಗಾತಿಯ ಚಿಕಿತ್ಸೆಗೆ ಜಾಗವಿದೆ. ಆದರೆ ಲಾಡ್ಜಿನ ವೈದ್ಯನಿಗೆ ಆ ನಿಯಮ ಗೊತ್ತಿಲ್ಲ.

ಬ್ರಿಟನ್ ಮೊದಲಿನಿಂದಲೂ ಹೀಗಿತ್ತೆಂದು ಯಾರೂ ಭಾವಿಸಬಾರದು. 1864ರಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಸೈನಿಕ ಪಟ್ಟಣಗಳಲ್ಲಿ ಪೊಲೀಸರು ಅನುಮಾನ ಬಂದ ಹೆಂಗಸರನ್ನು ಎಳೆದೊಯ್ದು ದೇಹಪರೀಕ್ಷೆಗೆ ಒಳಪಡಿಸಬಹುದಿತ್ತು, ರೋಗವಿದ್ದರೆ ಕೂಡಿಹಾಕಬಹುದಿತ್ತು. ಸೈನಿಕರನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದೇ ಪದ್ಧತಿಯನ್ನು ಭಾರತದ ದಂಡು ಪ್ರದೇಶಗಳಿಗೂ ತಂದರು. ಬೆಂಗಳೂರಿನ ದಂಡಿನಲ್ಲಿಯೂ ಹೆಂಗಸರನ್ನು ಕೂಡಿಹಾಕುವ ‘ಲಾಕ್ ಆಸ್ಪತ್ರೆ’ ಇತ್ತು. ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್ ಮುಂದಾಳುತನದ ದೀರ್ಘ ಹೋರಾಟದ ನಂತರ 1886ರಲ್ಲಿ ಬ್ರಿಟನ್ನಿನ ಕಾಯ್ದೆಗಳು ರದ್ದಾದವು. ಆಮೇಲೆ ಬಂದ ರಾಜ ಆಯೋಗವೊಂದರ ವರದಿಯ ಮೇಲೆ 1916ರಲ್ಲಿ ಸರ್ಕಾರ ಮಾಡಿದ ನಿಯಮಗಳೇ ಇಂದಿನ ವ್ಯವಸ್ಥೆಯ ತಳಪಾಯ: ಯಾರೇ ಬಂದರೂ ಉಚಿತ ಚಿಕಿತ್ಸೆ, ಬಂದವರ ವಿಷಯ ಗೋಪ್ಯ, ವೆಚ್ಚದ ಮುಕ್ಕಾಲು ಪಾಲು ಕೇಂದ್ರ ಸರ್ಕಾರದ್ದು. ಮರುವರ್ಷ, 1917ರಲ್ಲಿ, ವೈದ್ಯ ಪದವಿಯಿಲ್ಲದವರು ಈ ರೋಗಗಳಿಗೆ ಚಿಕಿತ್ಸೆ ಕೊಡುವುದನ್ನೂ ಔಷಧಿಯ ಜಾಹೀರಾತು ಕೊಡುವುದನ್ನೂ ಕಾನೂನು ನಿಷೇಧಿಸಿತು. ನಮ್ಮಲ್ಲಿಯೂ 1954ರ ಕಾಯ್ದೆಯೊಂದು ಲೈಂಗಿಕ ರೋಗಗಳಿಗೆ ಔಷಧಿಯಿದೆಯೆಂಬ ಜಾಹೀರಾತನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಆ ಕಾಯ್ದೆಗೆ ಎಪ್ಪತ್ತು ವರ್ಷ ತುಂಬಿದರೂ ಬಸ್ ನಿಲ್ದಾಣದ ಗೋಡೆಗಳು ಬದಲಾಗಿಲ್ಲ.

ಕರ್ನಾಟಕದಿಂದ ಬ್ರಿಟನ್ ಕಲಿಯಬಹುದಾದದ್ದೂ ಇದೆ. 2003ರಲ್ಲಿ ಆರಂಭವಾದ ‘ಅವಾಹನ್’ ಎಂಬ ಎಚ್‌ಐವಿ ತಡೆ ಯೋಜನೆ ನಮ್ಮ ರಾಜ್ಯದಲ್ಲಿ ಕೆಲಸ ಮಾಡಿದ ಬಗೆ, ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ‘ಆಶೋದಯ’ ಸಮಿತಿ ತನ್ನವರ ಕ್ಲಿನಿಕ್ ಭೇಟಿ, ಕಾಂಡೋಮ್ ಹಂಚಿಕೆ, ಪೊಲೀಸರೊಡನೆ ಮಾತುಕತೆ ಎಲ್ಲವನ್ನೂ ತಾನೇ ವಹಿಸಿಕೊಂಡ ಬಗೆ, ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳು ಜಗತ್ತಿನ ಎಲ್ಲೆಡೆ ಓದಬೇಕಾದ ಪಾಠ. ಈ ಶತಮಾನದ ಆರಂಭದಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ಶೇ 1ಕ್ಕಿಂತ ಹೆಚ್ಚಿದ್ದ ಎಚ್‌ಐವಿ ಪ್ರಮಾಣ ಈಗ ಅದರ ಅರ್ಧಕ್ಕಿಂತಲೂ ಕೆಳಗಿಳಿದಿರುವುದರ ಹಿಂದೆ ಈ ಹೆಂಗಸರ ದುಡಿಮೆ ಇದೆ. ಅವರಿಗೆ ನಾವು ಋಣಿಗಳು. ಆದರೆ ಹಣವೂ ಗಮನವೂ ಅಪಾಯ ಹೆಚ್ಚಿರುವ ಗುಂಪುಗಳ ಕಡೆಗೇ ಹರಿದುದರಿಂದ ಜನಸಾಮಾನ್ಯರ ಮನಸ್ಸಿನಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿತು. ಈ ಸೋಂಕುಗಳು ಲಾರಿ ಚಾಲಕರಿಗೆ, ಲೈಂಗಿಕ ಕಾರ್ಯಕರ್ತೆಯರಿಗೆ ಬರುವಂಥವು, ಮನೆಯೊಳಗಿರುವವರಿಗಲ್ಲ ಎಂಬ ಆ ನಂಬಿಕೆಯ ಬೆಲೆಯನ್ನು ತೆರುತ್ತಿರುವವರು ಗಂಡನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದ ಹೆಂಡತಿಯರು. ಶಾಲೆಗಳಲ್ಲಿ ಸರಿಯಾದ ತಿಳಿವಳಿಕೆ ಕೊಡುವ ಅವಕಾಶವೂ ಕೈತಪ್ಪಿತು: ಹದಿಹರೆಯದವರ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ತಡೆಯೊಡ್ಡಿದ ರಾಜ್ಯಗಳಲ್ಲಿ ನಮ್ಮದೂ ಒಂದು.

ಇಂಗ್ಲೆಂಡಿನ ಕೊರತೆಗಳನ್ನೂ ಹೇಳಬೇಕು. 2023ರಲ್ಲಿ ಇಲ್ಲಿ 85 ಸಾವಿರಕ್ಕೂ ಹೆಚ್ಚು ಗೊನೊರಿಯಾ ಪ್ರಕರಣಗಳು ಪತ್ತೆಯಾದವು. 1918ರಿಂದ ಲೆಕ್ಕವಿಡಲು ತೊಡಗಿದ ಮೇಲೆ ಅಷ್ಟು ಎಂದೂ ಕಂಡಿರಲಿಲ್ಲ. ಪರೀಕ್ಷೆ ಹೆಚ್ಚಿದಂತೆ ಪತ್ತೆಯೂ ಹೆಚ್ಚುತ್ತದೆ ಎಂಬುದು ಇದರ ಒಂದು ಭಾಗವಷ್ಟೇ. ಕ್ಲಿನಿಕ್‌ಗಳಿಗೆ ಸಿಗುವ ಹಣ ವರ್ಷದಿಂದ ವರ್ಷಕ್ಕೆ ಕರಗಿದ್ದನ್ನೂ ಯಾರೂ ಅಲ್ಲಗಳೆಯುವಂತಿಲ್ಲ. ಗೊನೊರಿಯಾ ಒಂದಾದ ಮೇಲೊಂದು ಔಷಧಿಗೆ ಬಗ್ಗದಂತಾಗಿ, ಇಲ್ಲಿ ಈಗ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದೇ ಮೊದಲ ಆಯ್ಕೆಯಾಗಿ ಉಳಿದಿದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆದ ಎರಡು ಮಾತ್ರೆ ನುಂಗಿ ಸುಮ್ಮನಾಗುವ ನಮ್ಮ ಅಭ್ಯಾಸ ಇಂಥ ರೋಗಾಣುವನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಕರ್ನಾಟಕದಿಂದ ಓದಲು ಬರುವ ಹುಡುಗ ಹುಡುಗಿಯರಿಗೆ ಈ ವಿಷಯವನ್ನು ಯಾರೂ ಹೇಳಿಕೊಡುವುದಿಲ್ಲ. ನಮ್ಮ ಯುಗಾದಿ, ದೀಪಾವಳಿಯ ಕೂಟಗಳಲ್ಲಿ ಬಾಡಿಗೆ ಮನೆ, ವೀಸಾ, ಕೆಲಸಗಳ ಬಗ್ಗೆ ಹಿರಿಯರು ಧಾರಾಳವಾಗಿ ಸಲಹೆ ಕೊಡುತ್ತಾರೆ, ಇದೊಂದನ್ನು ಬಿಟ್ಟು. ಹಾಗಾಗಿ ಇಲ್ಲಿಯೇ ಬರೆಯುತ್ತೇನೆ: ವೀಸಾ ಯಾವುದೇ ಇರಲಿ, ಇಂಗ್ಲೆಂಡಿನಲ್ಲಿ ಲೈಂಗಿಕ ಸೋಂಕುಗಳ ಪರೀಕ್ಷೆ, ಚಿಕಿತ್ಸೆ ಉಚಿತ, 2012ರಿಂದ ಎಚ್‌ಐವಿ ಚಿಕಿತ್ಸೆಯೂ ಉಚಿತ. ನಿಜವಾದ ಹೆಸರನ್ನು ಹೇಳಲೇಬೇಕೆಂದಿಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ಮಾಮೂಲಿ ವೈದ್ಯರಿಗೆ ತಿಳಿಸುವುದಿಲ್ಲ, ಮನೆಯವರಿಗಂತೂ ಸುದ್ದಿ ಹೋಗುವುದಿಲ್ಲ. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಶಾಲೆಯಿಂದ ಎಚ್‌ಪಿವಿ ಲಸಿಕೆಯ ಒಪ್ಪಿಗೆ ಪತ್ರ ಬಂದಾಗ ‘ನಮ್ಮ ಮಕ್ಕಳಿಗೆ ಇದೇಕೆ’ ಎಂದು ಪಕ್ಕಕ್ಕಿಡಬೇಡಿ. 2008ರಿಂದ ಹುಡುಗಿಯರಿಗೆ, 2019ರಿಂದ ಹುಡುಗರಿಗೂ ಕೊಡುತ್ತಿರುವ ಈ ಲಸಿಕೆಯನ್ನು ಆ ವಯಸ್ಸಿನಲ್ಲಿ ಪಡೆದ ಹೆಣ್ಣುಮಕ್ಕಳಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 87ರಷ್ಟು ಇಳಿದಿದೆಯೆಂದು 2021ರ ಅಧ್ಯಯನ ತೋರಿಸಿದೆ. ಭಾರತದಲ್ಲಿ ವರ್ಷಕ್ಕೆ 1 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತಿದೆ.

ಎಲ್ಲರಿಗೂ ಪರೀಕ್ಷೆ ಎಂಬುದು ಇಂಗ್ಲೆಂಡಿನಿಂದ ತರಬೇಕಾದ ಹೊಸ ಕಲ್ಪನೆಯೇನಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರ ವಿಷಯದಲ್ಲಿ ಅದನ್ನೇ ಮಾಡುತ್ತಿದ್ದೇವೆ. ಆಶಾ ಕಾರ್ಯಕರ್ತೆಯೊಡನೆ ಬಂದ ಬಸುರಿ ಹೆಂಗಸಿನ ರಕ್ತವನ್ನು ಹಿಮೋಗ್ಲೋಬಿನ್, ಸಕ್ಕರೆಯ ಜೊತೆಗೇ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಸೋಂಕುಗಳಿಗೂ ಪರೀಕ್ಷಿಸಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಅತ್ತೆಯೂ ಅದನ್ನು ಪ್ರಶ್ನಿಸುವುದಿಲ್ಲ, ಊರೂ ಆಡಿಕೊಳ್ಳುವುದಿಲ್ಲ, ಏಕೆಂದರೆ ಅದು ಎಲ್ಲ ಬಸುರಿಯರಿಗೂ ಆಗುತ್ತದೆ. ಸಿಫಿಲಿಸ್ ಇರುವುದು ಬೇಗ ತಿಳಿದರೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ತಾಯಿಯನ್ನೂ ಹೊಟ್ಟೆಯೊಳಗಿನ ಮಗುವನ್ನೂ ಕಾಪಾಡುತ್ತದೆ. ಆದರೆ ಅದೇ ದಿನ ಅವಳನ್ನು ಬೈಕಿನಲ್ಲಿ ಕರೆತಂದು ಹೊರಗೆ ಕಾಯುತ್ತಿರುವ ಗಂಡನ ರಕ್ತವನ್ನು, ಹೆಂಡತಿಯಲ್ಲಿ ಸೋಂಕು ಕಂಡಾಗ ಬಿಟ್ಟರೆ, ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅವನನ್ನೂ ಒಳಗೆ ಕರೆದು, ಬಸುರಿಯರ ಗಂಡಂದಿರೆಲ್ಲರಿಗೂ ಇದು ಮಾಮೂಲು ಎಂದು ಹೇಳಿ, ಅವನ ಒಪ್ಪಿಗೆ ಪಡೆದು ಅವನ ರಕ್ತವನ್ನೂ ಹಾಗೆಯೇ ಪರೀಕ್ಷಿಸುವುದನ್ನು ರಾಜ್ಯ ಸರ್ಕಾರ ಎಲ್ಲ ಆರೋಗ್ಯ ಕೇಂದ್ರಗಳಲ್ಲಿಯೂ ಕ್ರಮವಾಗಿಸಬೇಕು. ಬಸಿರಿನ ಮೊದಲ ಪರೀಕ್ಷೆಯ ನಂತರ ಅವನಿಂದ ಅವಳಿಗೆ ಸೋಂಕು ತಗುಲುವ ಸಾಧ್ಯತೆಯಿರುವುದರಿಂದ, ಕೊನೆಯ ತಿಂಗಳುಗಳಲ್ಲಿ ಇಬ್ಬರನ್ನೂ ಇನ್ನೊಮ್ಮೆ ಪರೀಕ್ಷಿಸುವುದನ್ನು ಅದಕ್ಕೆ ಸೇರಿಸಬೇಕು.