ನೆಲ ನೋಡದೆ ಹುಲ್ಲು ಹಾಸಬೇಡಿ

ಬೆಳಗ್ಗೆಯಿಂದ ತಲೆ ಕೆಟ್ಟು ಕೂತಿದೆ. ಮೈಸೂರಿಗೆ, ಅಕ್ಕನ ಮನೆಗೆ ಬಂದಿದ್ದೇನೆ. ಲಾನ್‌ನಲ್ಲಿ ಗೇಟಿನ ಪಕ್ಕ ಒಂದು ಚಾಪೆಯಷ್ಟು ಜಾಗ ಬೋಳಾಗಿದೆ. ಅಷ್ಟು ಜಾಗಕ್ಕೆ ಒಂದೇ ವರ್ಷದಲ್ಲಿ ಮೂರನೇ ಸಲ ಹುಲ್ಲಿನ ಕಾರ್ಪೆಟ್ (ಬೇರೆಡೆ ಬೆಳೆಸಿ ಬೇರು ಸಮೇತ ಸುತ್ತಿ ತರುವ ಹುಲ್ಲು) ಹಾಸಲು ತೋಟದ ಕೆಲಸದವರು ಬಂದಿದ್ದರು.

"ಅಣ್ಣಾ, ಹಳೇದನ್ನ ಒಂದ್ಸಲ ಎತ್ತಿ" ಅಂದೆ. ಕಾವಲಿಯಿಂದ ದೋಸೆ ಎದ್ದ ಹಾಗೆ ಎದ್ದು ಬಂತು! ಒಂದು ಬೇರೂ ಕೆಳಗೆ ಇಳಿದಿಲ್ಲ. ಎಲ್ಲ ಅಡ್ಡಡ್ಡ ಹರಡಿ, ಜಡೆಯ ಹಾಗೆ ಸುತ್ತಿಕೊಂಡಿವೆ. ಗೊಣ್ಣೆ ಹುಳು ಬೇರು ತಿಂದರೂ ಹೀಗೇ ಏಳುತ್ತದೆ ಅಂತ ಕೆದಕಿ ನೋಡಿದೆ. ಒಂದೂ ಇಲ್ಲ. ಹಾರೆ ಹಾಕಿದರೆ ಠಣ್ ಅಂತು. ಮನೆ ಕಟ್ಟಿದಾಗಿನ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು. ಬೇರು ಇಳಿಯುವುದಾದರೂ ಎಲ್ಲಿಗೆ?

ಎರಡು ಸಲ ದುಡ್ಡು ತಗೊಂಡರಲ್ಲ, ಒಂದು ಸಲವಾದರೂ ನೆಲ ನೋಡಬಾರದಿತ್ತಾ?

"ಕಾರ್ಪೆಟ್ ಆದ್ರೆ ಇವತ್ತೇ ಹಸಿರು ಮೇಡಂ" ಅಂದರು. ನಿಜ. ನಾಳೆ ನಾಮಕರಣ ಇದ್ದರೆ ಹಾಸಿಕೊಳ್ಳಲಿ. ಅಕ್ಕ ಮೊಮ್ಮಗಳನ್ನು ಆ ಹುಲ್ಲಿನ ಮೇಲೆ ನಡೆಸಬೇಕು ಅಂತ ಒಂದು ವರ್ಷದಿಂದ ಕಾಯುತ್ತಿದ್ದಾಳೆ. ಆ ಹಸಿರು ಎರಡು ತಿಂಗಳೂ ಉಳಿಯದಿದ್ದರೆ ಏನು ಬಂತು?

ಇಷ್ಟು ಕೋಪ ಯಾಕೆ ಅಂದರೆ, ನಾನೂ ಇದೇ ತಪ್ಪು ಮಾಡಿದವಳು. ಬೆಂಗಳೂರಿನ ಮನೆಯಲ್ಲಿ ಮಾವಿನ ಮರದ ಕೆಳಗೆ ಗರಿಕೆ ಸೊರಗುತ್ತಿದೆ ಅಂತ ಯೂರಿಯಾ ಸುರಿದು, ಇದ್ದದ್ದನ್ನೂ ಸುಟ್ಟೆ. ಗರಿಕೆಗೆ ಬಿಸಿಲು ಬೇಕು, ನೆರಳಿಗೆ ಅಗಲ ಎಲೆಯ ಬಫೆಲೋ ಹುಲ್ಲು ಹಾಕು ಅಂತ ಅಪ್ಪ ಹೇಳಿದ್ದರು. ಕೇಳಲಿಲ್ಲ. ಅವರು ಹೋದ ಮೇಲೆ ಹಾಕಿದೆ. ಈಗ ಚೆನ್ನಾಗಿ ಹಬ್ಬಿದೆ. ತೋರಿಸೋಣ ಅಂದರೆ ಅವರಿಲ್ಲ.

ಮಧ್ಯಾಹ್ನ ಎಲ್ಲರೂ ಸೇರಿ ಒಂದು ಗೇಣು ಅಗೆದೆವು. ನಾಲ್ಕು ಬಾಂಡ್ಲಿ ಜಲ್ಲಿ ಬಂತು! ಕೆಮ್ಮಣ್ಣು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಸ್ವಲ್ಪ ಮರಳು ಬೆರೆಸಿ ತುಂಬಿದೆವು. ಉಳಿದ ಲಾನ್ ಪೂರ್ತಿ ಗರಿಕೆಯೇ. ಅದರ ಅಂಚಿನ ಬಳ್ಳಿಗಳನ್ನೇ ಕಿತ್ತು, ಒಂದೊಂದು ತುಂಡಿಗೆ ಎರಡು ಮೂರು ಗೆಣ್ಣು ಇರುವ ಹಾಗೆ ಕತ್ತರಿಸಿ, 3 ಇಂಚಿಗೊಂದರಂತೆ ನೆಟ್ಟೆವು. ಗೆಣ್ಣು ಹಸಿ ಮಣ್ಣಿನಲ್ಲಿ ಕೂತರೆ ಅಲ್ಲಿಂದಲೇ ಬೇರು ಬಿಡುತ್ತದೆ. ಹೇಗೂ ಜೂನ್, ಮಳೆ ಶುರುವಾಗಿದೆ. ಯಾರೂ ತುಳಿಯದ ಹಾಗೆ ಸುತ್ತ ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿದ್ದೇವೆ. ಮಳೆ ಬಾರದ ದಿನ ನೀರು ಚಿಮುಕಿಸುವ ಕೆಲಸ ಅಕ್ಕನದು.

ಅಗೆದ ಕೂಲಿ ತೋಟದ ಕೆಲಸದವರಿಗೇ ಕೊಟ್ಟೆವು. ಕಾರ್ಪೆಟ್ ಸುತ್ತಿಕೊಂಡು ಬಂದ ಆಟೋದಲ್ಲೇ ವಾಪಸ್ ಹೋಯಿತು.